ಕೀ ಉತ್ತರ

ಗಣಿತದಲ್ಲಿ ಒಂದೇ ಒಂದು ಅಂಕ ಕಡಿಮೆ ಬಿದ್ದು ನಿಂಗವ್ವ ಒಂಬತ್ತನೇ ತರಗತಿ ನಪಾಸಾಗಿದ್ದಳು. ಇನ್ನು ಶಾಲೆ ಸಾಕು ಎಂದುಬಿಟ್ಟಿದ್ದ ಅಪ್ಪ. ಉತ್ತರಪತ್ರಿಕೆ ಹಿಡಿದು ಮಾಸ್ತರರ ಮುಂದೆ ನಿಂತಳು.

"ಸರ್, ಐದರ ಘಾತ ಸೊನ್ನಿ ಅಂದ್ರ ಒಂದ ಅಲ್ಲೇನ್ರಿ? ತಪ್ಪು ಹಾಕೀರಲ್ರಿ."

"ಮ್ಯಾಲಿಂದ ಬಂದ ಕೀ ಉತ್ತರದಾಗ ಸೊನ್ನಿ ಐತಿ. ಇಡೀ ಕ್ಲಾಸು ಸೊನ್ನಿ ಬರದೈತಿ. ನೀ ಒಬ್ಬಾಕಿನ ಶಾಣ್ಯಾಕಿ?"

"ಐದರ ವರ್ಗಾನ ಐದರ ವರ್ಗದಿಂದ ಭಾಗಿಸ್ರಿ ಸರ್. ಘಾತ ಕಳದ್ರ ಸೊನ್ನಿ. ಆದ್ರ ಇಪ್ಪತ್ತೈದನ್ನ ಇಪ್ಪತ್ತೈದರಿಂದ ಭಾಗಿಸಿದ್ರ ಎಷ್ಟ್ರಿ?"

ಮಾಸ್ತರರು ಹಾಳೆಯ ಅಂಚಿನಲ್ಲಿ ಭಾಗಿಸಿದರು. ಮತ್ತೊಮ್ಮೆ ಭಾಗಿಸಿದರು. ಹಣೆ ಒರೆಸಿಕೊಂಡು, ತಮ್ಮ ಪೆನ್ನನ್ನು ಅವಳ ಕೈಗಿಟ್ಟು, ದನಿ ತಗ್ಗಿಸಿದರು.

"ನಿಂದ ಖರೇ ಐತವಾ. ಯಾರರ ಬರೂದ್ರಾಗ ಆ ಒಂದನ್ನ ಹೊಡದು ಸೊನ್ನಿ ಬರಿ, ಪಾಸ್ ಮಾಡ್ತೀನಿ."