ದಿಲ್ಲಿ ಬೀಳಿಸಿದವಳು

ಗೌಡರ ರೇಡಿಯೋದಲ್ಲಿ ದಿಲ್ಲಿಯ ಚುನಾವಣೆ ಸುದ್ದಿ ಬಂದ ಗಳಿಗೆಯಿಂದ ರೇವವ್ವನ ಹೊಟ್ಟೆಯೊಳಗಿನ ಕೂಸು ಹೊರಳಿರಲಿಲ್ಲ. ಎಂಟು ತಿಂಗಳು ತುಂಬಿತ್ತು. ಇದರ ಹಿಂದಿನ ಎರಡೂ ದಕ್ಕಿರಲಿಲ್ಲ. ಒಲೆಯ ಮುಂದೆ ಕೂತು, ಸೀರೆಯ ಮೇಲಿಂದಲೇ ಅಂಗೈ ಒತ್ತಿ ಹಿಡಿದು, ಒಳಗಿನ ಅಲುಗಾಟಕ್ಕೆ ಅವಳು ಕಾಯುತ್ತಿದ್ದಳು. ಅಷ್ಟರಲ್ಲಿ ಓಣಿಯ ಬಾಯಲ್ಲಿ ಡಂಗುರದ ಹಲಗೆ ಬಡಿದ ಸದ್ದಾಯಿತು.

“ಕೇಳ್ರಪೋ ಕೇಳ್ರಿ! ಬೀರದೇವರ ಆಣಿ ಮಾಡಿ, ಗೌಡ್ರ ಗುರುತು ಬಿಟ್ಟು ಬ್ಯಾರೇದಕ್ಕ ಒತ್ತಿದವ್ರು ಇವತ್ತ ಹೊತ್ತು ಮುಳುಗೂದ್ರಾಗ ಗುಡಿಗಿ ಬಂದು ತಪ್ಪು ಒಪ್ಪಿಕೋಬೇಕ್ರಪೋ! ಬರಲಿಲ್ಲಂದ್ರ ಆಣಿ ಹತ್ತತೈತಿ!”

ರೊಟ್ಟಿ ಬಡಿಯುತ್ತಿದ್ದ ವಾರಗಿತ್ತಿ ಶೇವಂತೆವ್ವ ಕಿಸಕ್ಕನೆ ನಕ್ಕಳು. “ಸಂಗನಗೌಡನ ಮಾರಿ ನೋಡಬೇಕಿತ್ತ ನೀ. ಅವನ ಪಕ್ಷದವ್ರು ಇಲ್ಲಿ ಗೆದ್ರಂತ, ದಿಲ್ಲಿಯೊಳಗ ಸೋತ್ರಂತ. ಮದವಿ ಊಟ ಎಲ್ಲಾ ಆಗಿ ಮದಲಗಿತ್ತಿನೇ ಸಿಗಲಾರದಂಗ ಆಗೇತಿ ಅವಗ. ಯಾರೋ ಆಣಿ ಮುರದಾರ, ಅದಕ್ಕ ದಿಲ್ಲಿ ಬಿತ್ತು ಅಂತ ಮುಂಜಾನಿಂದ ಗುಡಿ ಕಟ್ಟಿ ಹಿಡದು ಕುಂತಾನ.”

“ಅಂವ ಯಾಕ ಕುಂಡರಬೇಕ? ದೇವರು ಅದಾನಲ್ಲ.”

“ಯಾರು ಬರ್ತಾರ ನೋಡಾಕ! ಚೀಟಿ ಪೆಟಗಿಯೊಳಗ ಬಿದ್ದಮ್ಯಾಲ ಯಾರದ್ಯಾವುದು ಅಂತ ಅವಗೇನ ಗೊತ್ತಾಗತೈತಿ? ತಪ್ಪು ಒಪ್ಪಾಕ ಹೋದಾಕಿ ಸಿಕ್ಕಳು. ನಾಳಿಂದ ಆಕಿ ಮನಿ ಕುರಿ ಅವನ ಬಾವಿ ನೀರು ಮುಟ್ಟಿದ್ರ ಕೇಳು. ಈ ಬ್ಯಾಸಗಿಯೊಳಗ ಊರಾಗ ಮತ್ಯಾವ ಬಾವ್ಯಾಗ ನೀರೈತಿ? ತಲಿ ಕೆಟ್ಟಾಕಿ ಅಷ್ಟ ಹೋದಾಳು.” ಶೇವಂತೆವ್ವ ರೊಟ್ಟಿ ತಿರುವಿ ಹಾಕಿದಳು. “ಯಾಕ, ಮಾರಿ ಯಾಕ ಹಂಗಾತು? ಬ್ಯಾನಿ ಬಂತೇನ?”

ರೇವವ್ವ ಇಲ್ಲವೆಂದು ತಲೆಯಾಡಿಸಿದಳು. ಮತದಾನಕ್ಕೆ ಎಂಟು ದಿನ ಮುಂಚೆ ಇಡೀ ಓಣಿಯನ್ನು ಗುಡಿಯ ಮುಂದೆ ನಿಲ್ಲಿಸಿ ಅಂಗೈಗೆ ಭಂಡಾರದ ಅರಿಶಿನ ಸುರಿದಿದ್ದರು. ತಪ್ಪಿದರೆ ಗಂಡಸರ ಹಟ್ಟಿ ಬರಿದಾಗಲಿ, ಹೆಂಗಸರ ಉಡಿ ಬರಿದಾಗಲಿ ಎಂದು ಎಲ್ಲರ ಬಾಯಲ್ಲೂ ಹೇಳಿಸಿದ್ದರು. ಅವಳೂ ಹೇಳಿದ್ದಳು. ತಪ್ಪಬೇಕೆಂದು ಅವಳೇನೂ ಮತಗಟ್ಟೆಗೆ ಹೋಗಿರಲಿಲ್ಲ. ಆದರೆ ರಟ್ಟಿನ ಮರೆಯ ಹಿಂದೆ, ಅತ್ತೆ ಇಲ್ಲ, ಗಂಡ ಇಲ್ಲ, ಗೌಡನಿಲ್ಲ. ಹುಟ್ಟಿದಾಗಿನಿಂದ ಯಾರ ಕಣ್ಣೂ ತನ್ನ ಮೇಲಿಲ್ಲದ ಅಂಥ ಜಾಗವನ್ನು ಅವಳು ಕಂಡಿರಲೇ ಇಲ್ಲ. ಕಾಗದದ ಮೇಲೆ ಒಬ್ಬ ಮನುಷ್ಯ ನೇಗಿಲು ಹೊತ್ತು ನಿಂತಿದ್ದ. ಸತ್ತುಹೋದ ಅಪ್ಪ ಹೊಲದಿಂದ ಬರುವಾಗ ಹಾಗೆಯೇ ಬರುತ್ತಿದ್ದ. ಕೈ ತಾನಾಗಿ ಅಲ್ಲಿಗೇ ಹೋಗಿ ಒತ್ತಿಬಿಟ್ಟಿತ್ತು.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ದಿಲ್ಲಿಯೆಂದರೆ ಅವಳ ಮನಸ್ಸಿನಲ್ಲಿ ಏಳು ಅಂತಸ್ತಿನ ಕಲ್ಲುಮನೆ, ಮೇಲಿನ ಕಿಟಕಿಯಲ್ಲಿ ಹಗಲೂ ಉರಿಯುವ ದೀಪ. ಅಷ್ಟು ದೊಡ್ಡ ದಿಲ್ಲಿ ತನ್ನ ಒಂದು ಒತ್ತಿಗೆ ಬಿದ್ದಿದ್ದರೆ, ಅಂಗೈ ಅಗಲದ ಕೂಸು ಎಷ್ಟರದು?

ಮಧ್ಯಾಹ್ನ ಶೇವಂತೆವ್ವ ಅಡ್ಡಾದಾಗ ಅವಳು ತಲೆಯ ಮೇಲೆ ಸೆರಗೆಳೆದುಕೊಂಡು ಹೊರಟಳು. ದಾರಿಯಲ್ಲಿ ನಾಯಿಯೂ ಇರಲಿಲ್ಲ. ಗುಡಿಯ ಕಟ್ಟೆಯ ಮೇಲೆ ಸಂಗನಗೌಡ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದ, ಪಕ್ಕದಲ್ಲಿ ಅವನ ಆಳು ಗುರಪ್ಪ.

“ಎತ್ಲಾಗ ನಡದಿ ತಂಗಿ, ಇಂಥಾ ಬಿಸಲಾಗ?”

“ಗುಡಿಗ್ರಿ.”

“ಯಾಕ?”

ಬಾಣಂತನ ಚಲೋ ಆಗಲೆಂದು ಬೇಡಿಕೊಳ್ಳಲು ಬಂದೆ ಎನ್ನಬಹುದಿತ್ತು. ಆದರೆ ಬಾಗಿಲು ತೆರೆದಿತ್ತು, ಒಳಗಿನ ದೀಪ ಕಾಣುತ್ತಿತ್ತು. ಅದರೆದುರು ಎರಡನೆಯ ಸುಳ್ಳು ಹೇಳಲು ಅವಳ ನಾಲಿಗೆ ಏಳಲಿಲ್ಲ.

“ಹೋಗವ್ವಾ, ಹೋಗು,” ಎಂದ ಗೌಡ, ಬಹಳ ಮೆತ್ತಗೆ. “ದೇವರ ಬಾಗಲಾ ಯಾರಿಗೂ ಬ್ಯಾಡ ಅನ್ನೂದಿಲ್ಲ.” ಅವಳು ಹೊಸ್ತಿಲು ದಾಟುವಾಗ ಅವನ ದನಿ ಬೆನ್ನ ಹಿಂದೆ ಮತ್ತೆ ಕೇಳಿಸಿತು. “ಸೋಮನಿಂಗನ ಹೆಣ್ತಿ ಅಲ್ಲೇನೋ ಗುರಪ್ಪಾ ಈಕಿ? ಅವನ ಕುರಿ ಎಷ್ಟು ಹೊತ್ತಿಗಿ ನೀರಿಗಿ ಬರ್ತಾವ?”

ಒಳಗೆ ಮುದುಕ ಪೂಜಾರಿ ಅಮಸಿದ್ದ ಗೋಡೆಗೊರಗಿ ಕೂತಿದ್ದ. ರೇವವ್ವ ಹೊಟ್ಟೆ ಹಿಡಿದುಕೊಂಡೇ ಮೊಣಕಾಲೂರಿದಳು.

“ಮುತ್ಯಾ, ಕೂಸು ಹೊರಳವಲ್ದು. ನಾ ಆಣಿ ತಪ್ಪೇನ್ರಿ. ನೇಗಲಾ ಹೊತ್ತಾಂವಗ ಒತ್ತೇನಿ. ದಿಲ್ಲಿ ನನ್ನಿಂದ ಬಿತ್ತು.”

“ಸಣ್ಣಕ ಮಾತಾಡು,” ಎಂದು ಮುದುಕ ಬಾಗಿಲತ್ತ ನೋಡಿದ.

“ಮತ್ತ್ಯಾರೂ ಬಂದಿಲ್ರೇನು?”

“ಇಲ್ಲ. ನೀ ಒಬ್ಬಾಕಿನ.”

ಹಾಗಾದರೆ ಊರಿಗೆಲ್ಲ ಆಣೆ ತಪ್ಪಿದವಳು ತಾನೊಬ್ಬಳೇ. ಮುದುಕ ತಾಟಿನಿಂದ ಭಂಡಾರ ತೆಗೆದು ಅವಳ ಹಣೆಗೆ ಹಚ್ಚಲು ಹೋದ. ಅರ್ಧ ಅರಿಶಿನ ಅವಳ ಮೂಗಿನ ಮೇಲೆ, ಸೆರಗಿನ ಮೇಲೆ ಉದುರಿತು.

“ಇಷ್ಟಕ್ಕ ಸಾಕಾತೇನ್ರಿ ಮುತ್ಯಾ? ನನ್ನ ಕೂಸು ಉಳೀತೈತಲ್ರಿ?”

ಅಮಸಿದ್ದ ಬಾಗಿಲತ್ತ ಇನ್ನೊಮ್ಮೆ ನೋಡಿ, ರುಮಾಲು ತೆಗೆದು ನೆಲಕ್ಕಿಟ್ಟ. ಭಂಡಾರದ ತಾಟನ್ನು ಅವಳ ಕೈಗೆ ಕೊಟ್ಟು, ನೆರೆತ ತಲೆಯನ್ನು ಅವಳ ಮುಂದೆ ಬಾಗಿಸಿದ.

“ನನಗೂ ಒಂದೀಟು ಹಚ್ಚವ್ವಾ,” ಎಂದ. “ಮುಂಜಾನಿಂದ ಯಾರರ ಬರ್ತಾರೇನೋ ಅಂತ ಕಾಯಾಕತ್ತೇನಿ.”