ಕ್ಲಚ್ಚಿನ ಅಡಿಯ ಕಂಬಳಿ

ಇವತ್ತು ಮೊಮ್ಮಗಳು ಸ್ವೆಟರಿಗೆ ಇಸ್ತ್ರಿ ಹಾಕುವಾಗ ಸುಟ್ಟ ಉಣ್ಣೆಯ ವಾಸನೆ ಬಂತು, ಅಪ್ಪನ ಹಳೇ ಪಿಕಪ್ ಗಾಡಿ ಕಣ್ಣಿಗೆ ಕಟ್ಟಿತು.

ನನ್ನ ಚಿಕ್ಕಂದಿನ ಒಂದು ಮಧ್ಯಾಹ್ನ ನಮ್ಮ ಕುರಿಯೊಂದು ಮರಿ ಹಾಕಲಾಗದೆ ಒದ್ದಾಡುತ್ತಿತ್ತು. ಅದನ್ನು ಗಾಡಿಯ ಹಿಂದೆ ಮಲಗಿಸಿ ಅಪ್ಪ, ಅವ್ವ, ನಾನು ಹಿರಿಯೂರಿನ ದನದ ಆಸ್ಪತ್ರೆಗೆ ಹೊರಟೆವು. ಮಾರಿಕಣಿವೆ ದಾಟುವಷ್ಟರಲ್ಲಿ ಗೇರು ಬೀಳದಾಯಿತು. ಅಪ್ಪ ಕ್ಲಚ್ ಎಷ್ಟು ತುಳಿದರೂ ಬರೀ ಕರಕರ ಸದ್ದು.

"ಕ್ಲಚ್ ಪ್ಲೇಟ್ ಹೋತು ಕಣೆ. ಮೆಕ್ಯಾನಿಕ್ಕೇ ಬರ್ಬೇಕು."

"ಅವ್ನು ಬರಾತಂಕ ಕುರಿ ಉಳಿತತಾ? ಕಾಲು ತೆಗಿರಿ ಅತ್ಲಾಗೆ," ಎಂದು ಅವ್ವ ಬಗ್ಗಿ ಪೆಡಲ್ಲಿನ ಅಡಿಗೆ ಕೈ ಹಾಕಿದಳು.

ಇಂಜಿನ್ ಕಾವಿಗೆ ಪಾದ ಸುಡುತ್ತದೆಂದು ಬರಿಗಾಲಿನ ಅಪ್ಪ ಕಂಬಳಿ ಮಡಿಸಿ ಹಾಸಿಕೊಂಡಿದ್ದ. ಅದು ಕಾವಿಗೆ ಸುಟ್ಟ ಉಣ್ಣೆಯ ವಾಸನೆ ಬೀರುತ್ತಾ, ಸರಿದು ಸರಿದು ಪೆಡಲ್ಲಿನ ಅಡಿ ಸೇರಿತ್ತು. ಪೆಡಲ್ಲು ಪೂರ್ತಿ ಇಳಿಯಲು ಜಾಗವೇ ಇರಲಿಲ್ಲ.

"ನಿಮ್ಮ ಹಾಸಿಗೆ ಅಡ್ಡ ಬಂದೈತೆ. ಗಾಡಿ ಓಡ್ಸಾಕೆ ಬಂದೀರೋ, ಮಲಗಾಕೋ?"

ಕಂಬಳಿ ತೆಗೆದ ಕೂಡಲೇ ಗೇರು ಬಿತ್ತು. ಆದರೆ ಕಾಲಡಿಯ ತಗಡು ಕೆಂಡದಂತಿತ್ತು. ಅವ್ವ ತನ್ನ ಮೆಟ್ಟು ಬಿಚ್ಚಿ ಅಪ್ಪನ ಕಡೆ ತಳ್ಳಿದಳು. ಅಪ್ಪ ಬೆರಳು ತೂರಿಸಿದ. ಹಿಮ್ಮಡಿ ಹೊರಗೇ ಉಳಿಯಿತು.

ಆಸ್ಪತ್ರೆಯ ಅಂಗಳದಲ್ಲಿ ಅಪ್ಪ ಕುರಿಯನ್ನು ಎತ್ತಿಕೊಂಡು ನಡೆದಾಗ ಕುಳಿತಿದ್ದ ಗಂಡಸರು ನಕ್ಕರು.

"ಏನಪ್ಪ, ಹೆಂಡ್ರ ಮೆಟ್ಟು ಹಾಕ್ಕಂಡು ಬಂದೀಯ?"

"ಹೂಂ, ಅವಳವೇ. ದಾರಿ ಬಿಡ್ರಿ," ಎಂದ ಅಪ್ಪ.

ಮರಿ ಹೊರಗೆ ಬಂದು ಬ್ಯಾ ಎನ್ನುವ ತನಕ ಅಷ್ಟು ಜನರ ಮುಂದೆ ಆ ಮೆಟ್ಟಿನಲ್ಲೇ ನಿಂತಿದ್ದ.