ಎದುರುಬದುರು ಎರಡು ಫೋನು

ಟಿವಿಯಲ್ಲಿ ಆಟದ ಬದಲು ನಾಲ್ಕು ಸಾಲು ಅಕ್ಷರ ಬಂದು ಕೂತಾಗ ಗೆಟ್ಟವಾಡಿಯ ಶಿವಮಲ್ಲಪ್ಪನ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊಮ್ಮಗಳು ದಿವ್ಯ ಚೆನ್ನೈಯಲ್ಲಿ ಕಬಡ್ಡಿ ಫೈನಲ್ ಆಡುತ್ತಿದ್ದಳು. ಅವಳು ಆಡುವುದನ್ನು ಶಿವಮಲ್ಲಪ್ಪ ಒಮ್ಮೆಯೂ ಕಣ್ಣಾರೆ ಕಂಡವನಲ್ಲ. ಹೆಣ್ಣುಮಗಳಿಗೆ ಚಡ್ಡಿ ತೊಡಿಸಿ ಕುಣಿಸುತ್ತಾನೆ ಎಂದು ನೆಂಟರು ಮೂಗು ಮುರಿದಾಗ ಅವಳ ಬೆನ್ನಿಗೆ ನಿಂತವನು ಮಾತ್ರ ಅವನೇ. ಇವತ್ತು ಹಟಕ್ಕೆ ಬಿದ್ದು ಆ ನೆಂಟರನ್ನೇ ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದ್ದ.

“ಯಾನ್ಲಾ ಅದು ಬರ್ದಿರದು?”

ಮಗ ವೃಷಭೇಂದ್ರ ಓದಿ ತಲೆ ಕೆರೆದುಕೊಂಡ. “ಆಟ ತೋರ್ಸೋ ಕಂಪ್ನಿಗೂ, ಟಿವಿ ಇಂದೆ ಚುಚ್ಚಿರೋ ಈ ಸ್ಟಿಕ್ಕು ಮಾಡೋ ಕಂಪ್ನಿಗೂ ಜಗಳ ಅಂತ ಕಣಪ್ಪ. ಜಾಯೀರಾತು ದುಡ್ಡಲ್ಲಿ ಪಾಲು ಕೊಡು ಅಂತ ಸ್ಟಿಕ್ಕಿನೋನು, ಕೊಡಕಿಲ್ಲ ಅಂತ ಆಟದೋನು. ಇವತ್ತಿಂದ ಆ ಆ್ಯಪು ಇದ್ರಲ್ಲಿ ಬರಕಿಲ್ವಂತ.”

“ಅಂಗಾರೆ ನಿನ್ ಮೊಬೈಲಲ್ಲಿ ಆಕು.”

“ಅದ್ಕ ಓಟಿಪಿ ಬೇಕು. ಅದು ದಿವ್ಯನ್ ಫೋನ್ಗ ಓಯ್ತದ. ಅವ್ಳೀಗ ಅಂಗಳಕ್ಕ ಇಳ್ದಾಯ್ತು.”

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಶಿವಮಲ್ಲಪ್ಪನ ಮೈ ಉರಿದುಹೋಯಿತು. ಬದುವಿನ ಜಗಳ, ಬೋರ್‌ವೆಲ್ ನೀರಿನ ಜಗಳ ಎಂದು ಸುತ್ತಲಿನವರೆಲ್ಲ ನ್ಯಾಯಕ್ಕೆ ಬರುವುದು ಅವನ ಜಗಲಿಗೆ. ಇದರಲ್ಲಿ ಅವನಿಗೆ ಹೊಸದೇನೂ ಕಾಣಲಿಲ್ಲ. ಹೊಲ ಒಬ್ಬನದು, ಹೊಲಕ್ಕೆ ಹೋಗುವ ದಾರಿ ಇನ್ನೊಬ್ಬನದು, ನಡುವೆ ಬೇಲಿ ಬಿದ್ದಿದೆ, ಅಷ್ಟೆ. ಇಂಥದ್ದಕ್ಕೆ ಇಬ್ಬರನ್ನೂ ಎದುರುಬದುರು ಕೂರಿಸಬೇಕು; ಒಬ್ಬನ ಮಾತು ಕೇಳಿ ತೀರ್ಪು ಕೊಡುವವನು ಅವನಲ್ಲ.

“ಇಬ್ರಿಗೂವೆ ಫೋನ್ ಆಕ್ಲಾ! ಒಬ್ಬಂಗ ನಿಂದ್ರಲ್ಲಿ, ಇನ್ನೊಬ್ಬಂಗ ನಂದ್ರಲ್ಲಿ.”

ಒಂದು ಒತ್ತಿ, ಎರಡು ಒತ್ತಿ, ಬೇಡದ ಹಾಡೆಲ್ಲ ಕೇಳಿ ಮುಗಿದ ಮೇಲೆ ಎರಡರಲ್ಲೂ ಹುಡುಗಿಯರ ದನಿ ಬಂತು. ಆಟದ ಕಂಪನಿಯವಳು ಕನ್ನಡದವಳು, ಸ್ಟಿಕ್ಕಿನ ಕಂಪನಿಯವಳು ತಮಿಳಿನವಳು. ಶಿವಮಲ್ಲಪ್ಪ ಮಣೆ ತರಿಸಿ, ಅದರ ಮೇಲೆ ಎರಡೂ ಫೋನನ್ನು ಮುಖಕ್ಕೆ ಮುಖ ಮಾಡಿ ಇಟ್ಟು, ಸ್ಪೀಕರ್ ಹಾಕಿಸಿ ಗಂಟಲು ಸರಿಮಾಡಿಕೊಂಡ.

“ಈಗ ನೀವಿಬ್ರೂವೆ ಮಾತಾಡ್ಕಳಿ. ಯಾರ್ದು ತಪ್ಪು ಅಂತ ನಾ ಯೋಳ್ತೀನಿ.”

ಅಷ್ಟರಲ್ಲಿ ಎರಡು ಫೋನಿನೊಳಗೂ ಒಂದೇ ಗಂಟೆ ಒಟ್ಟಿಗೇ ಬಾರಿಸಿತು.

“ಏಯ್, ಇದು ನಮ್ಮ ಟೀ ಬೆಲ್ಲು!” ಎಂದಳು ಕನ್ನಡದವಳು. “ನೀವು ಸ್ವಲ್ಪ ಎದ್ದು ನಿಲ್ಲಿ ನೋಡೋಣ.”

ಕುರ್ಚಿ ಸರಿದ ಸದ್ದಾಯಿತು. “ಅಯ್ಯೋ, ನೀನಾ!” ಎಂದು ಇಬ್ಬರೂ ಕಿಲಕಿಲ ನಕ್ಕರು. ಹಾವು ಮುಂಗುಸಿಯಂತೆ ಕಚ್ಚಾಡುತ್ತಿದ್ದ ಕಂಪನಿಗಳೆರಡೂ ಫೋನ್ ಎತ್ತುವ ಕೆಲಸವನ್ನು ಒಂದೇ ಆಫೀಸಿಗೆ ಗುತ್ತಿಗೆ ಕೊಟ್ಟಿದ್ದವು. ಇಬ್ಬರ ನಡುವೆ ಇದ್ದದ್ದು ಎದೆಮಟ್ಟದ ಒಂದು ಹಲಗೆ.

“ಒಂದೇ ಸೂರಡಿ ಕುಂತಿದ್ದೀರಿ! ರಾಜಿ ಆಗಕ್ಕ ಯಾನ ಕಷ್ಟ?”

“ತಾತ, ಜಗಳ ನಮ್ಮದಲ್ಲ, ಮೇಲಿನವರದು,” ಎಂದಳು ಕನ್ನಡದವಳು. “ ಅವರ ಮುಖ ನಾವೂ ನೋಡಿಲ್ಲ.”

ಶಿವಮಲ್ಲಪ್ಪನ ಹೆಂಡತಿ ಶಿವಮಲ್ಲಮ್ಮ ಮಣೆಯ ಮೇಲೆ ಬಗ್ಗಿದಳು. “ಅವ್ರ್ ಮನೆ ಆಳಾಗ. ನಮ್ ಮೊಮ್ಮಗ್ಳು ಆಡ್ತಾವ್ಳ ಕಣವ್ವ, ಏಳ್ನೇ ನಂಬರ್ರು. ನಿಂಗಾರ ಕಾಣ್ತದಾ?”

ಅತ್ತ ಕಂಪ್ಯೂಟರ್ ಟಕಟಕ ಎಂದಿತು. “ಕಾಣ್ತಿದೆ ಅಜ್ಜಿ! ನೀಲಿ ಬನಿಯನ್ನು. ಒಂದು ಪಾಯಿಂಟ್ ಹಿಂದಿದ್ದಾರೆ!”

ಅಲ್ಲಿಂದ ಮುಂದೆ ಟಿವಿ ಅಲ್ಲಿದೆ ಎಂಬುದೇ ಯಾರಿಗೂ ನೆನಪಿರಲಿಲ್ಲ. ಒಬ್ಬಳು ಕನ್ನಡದಲ್ಲಿ ಕೂಗಿದರೆ, ಹಲಗೆಯ ಮೇಲಿಂದ ಇಣುಕುತ್ತಿದ್ದ ಇನ್ನೊಬ್ಬಳು ತಮಿಳಿನಲ್ಲಿ ಕಿರುಚುತ್ತಿದ್ದಳು. ಗಡಿಯೂರು ಗೆಟ್ಟವಾಡಿಗೆ ಎರಡೂ ಭಾಷೆ ಸಲೀಸು. ಮುಂದಿನ ಸಾಲಿನ ನೆಂಟರು ಮಂಡಿಯೂರಿ ಮಣೆಗೆ ಮುತ್ತಿಕೊಂಡರು. ದಿವ್ಯ ರೇಡಿಗೆ ಹೋದಾಗಲೆಲ್ಲ ಶಿವಮಲ್ಲಪ್ಪನೂ ಉಸಿರು ಬಿಗಿಹಿಡಿದು ಕಬಡ್ಡಿ ಕಬಡ್ಡಿ ಎನ್ನುತ್ತಿದ್ದ. ಇಷ್ಟು ಸಂತೋಷವನ್ನು ಅವನು ಬಹಳ ಕಾಲದಿಂದ ಕಂಡಿರಲಿಲ್ಲ.

“ಕೊನೇ ರೇಡು! ಏಳನೇ ನಂಬರ್ ಹೋಗ್ತಿದಾಳೆ! ಸುತ್ತುವರಿದರು… ಕಾಲು ಹಿಡಿದರು, ಬಿದ್ದಳು! ಬಿಡ್ತಿಲ್ಲ ಅಜ್ಜಿ, ಅಷ್ಟೂ ಜನರನ್ನ ಎಳ್ಕೊಂಡು ಗೆರೆಗೆ ಕೈ ಚಾಚಿ…”

“ಏನಿದು?” ಎಂದು ಗಂಡಸಿನ ಗಡಸು ದನಿ ಕೇಳಿತು. “ಹೆಡ್‌ಫೋನ್ ಇಟ್ಟು ಎದ್ದು ಬಾ.” ಕನ್ನಡದವಳ ಫೋನ್ ಕಟ್ಟಾಯಿತು.

ಶಿವಮಲ್ಲಪ್ಪ ಉಳಿದ ಫೋನಿಗೆ ಕಿವಿ ಕೊಟ್ಟ. ಮೊದಲು ಬರೀ ಉಸಿರು. ಆಮೇಲೆ ಹಲಗೆಯ ಮರೆಗೆ ಕುಕ್ಕರಿಸಿದವಳ ಪಿಸುಮಾತು: “ಜೆಯಿಚ್ಚಿಟ್ಟಾ ತಾತಾ.” ಅದೂ ಕಟ್ಟಾಯಿತು.

“ಗೆದ್ಬುಟ್ಲು ಕಣ್ರಲಾ!” ಎಂದು ವೃಷಭೇಂದ್ರ ಕೂಗಿದ್ದು ತಾಳವಾಡಿ ಪೇಟೆಯವರೆಗೂ ಕೇಳಿರಬೇಕು. ನೆಂಟರೇ ಶಿವಮಲ್ಲಪ್ಪನನ್ನು ಹೆಗಲಿಗೇರಿಸಿ ಕುಣಿದರು. ಅವನು ಮೇಲೆ ಕೂತು ನಾಚಿಕೆ ಬಿಟ್ಟು ಅತ್ತ. ಮನೆಯಲ್ಲಿದ್ದ ಬೆಲ್ಲವೆಲ್ಲ ಒಂದೇ ಏಟಿಗೆ ಖಾಲಿಯಾಯಿತು.

ಬೆಲ್ಲ ಹಂಚುತ್ತಿದ್ದ ಶಿವಮಲ್ಲಮ್ಮ ಇದ್ದಕ್ಕಿದ್ದಂತೆ ನಿಂತಳು. “ಅಲ್ಲಾ, ಆ ಮಗೀನ ಎಸ್ರು ಯಾರಾರ ಕೇಳುದ್ರಾ?”

ಯಾರೂ ಕೇಳಿರಲಿಲ್ಲ. ಶಿವಮಲ್ಲಪ್ಪ ಹೆಗಲಿಂದ ಇಳಿದು ಮಗನಿಂದ ಆ ಕನ್ನಡದವಳ ನಂಬರನ್ನೇ ಮತ್ತೆ ಹಾಕಿಸಿದ. ಈ ಸಲ ಬಂದದ್ದು ಹೊಸ ದನಿ. “ನಮಸ್ಕಾರ ಸರ್, ನಿಮ್ಮ ಟಿವಿಯಲ್ಲಿ ಏನು ತೊಂದರೆ?”

“ಟಿವಿ ಅತ್ಲಾಗಿರ್ಲಿ ಕಣಪ್ಪ,” ಎಂದ ಶಿವಮಲ್ಲಪ್ಪ. “ಈಗ ಒಸಿ ಮುಂಚೆ ಆ ಕುರ್ಚೀಲಿ ಕುಂತಿದ್ದ ಎಣ್ಮಗ ಎದ್ದು ಎಲ್ಲಿಗೋದ್ಲು? ಮೊದ್ಲು ಅದ್ನ ಯೋಳು.”